ಜನರ ಹಾಡನ್ನು ಕಚೇರಿ ತೀರ್ಮಾನಿಸಬಹುದೆ?

ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಹೂವೇ ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳದೆ ಇರಲಾರರು. ಬೋನಸ್ಸು, ತುಟ್ಟಿಭತ್ಯೆ, ಅಕ್ಕಿ ಬೇಳೆಯ ದರ, ಸಣ್ಣ ಅಂಗಡಿಯವನ ಮೇಲೆ ಬೀಳುವ ತೆರಿಗೆ, ಇವುಗಳ ಮಾತಿಗೆಂದೇ ಇರುವ ಪತ್ರಿಕೆಯಲ್ಲಿ ರಷ್ಯದ ಒಬ್ಬ ಜಾಝ್ ವಾದಕನ ಕಥೆಗೆ ಏನು ಕೆಲಸ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಎಂಟು ಗಂಟೆಯ ದುಡಿಮೆ ಸಾಕು ಎಂದು ಕಾರ್ಮಿಕನು ಹೋರಾಡಿದ್ದು ಉಳಿದ ಹೊತ್ತಿನಲ್ಲಿ ಮನುಷ್ಯನಾಗಿ ಬಾಳುವುದಕ್ಕಾಗಿ. ಆ ಉಳಿದ ಹೊತ್ತಿನಲ್ಲಿ ಅವನು ಯಾವ ಹಾಡು ಕೇಳಬೇಕು, ಯಾವ ವಾದ್ಯ ನುಡಿಸಬೇಕು ಎಂಬುದನ್ನು ಯಾರು ತೀರ್ಮಾನಿಸಬೇಕು? ಸಾಹುಕಾರನೆ? ಮಂತ್ರಿಯೆ? ಪಕ್ಷದ ಕಾರ್ಯದರ್ಶಿಯೆ? ಅಥವಾ ಅವನೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಒಲೆಗ್ ಲುಂಡ್‌ಸ್ಟ್ರೆಮ್ ಎಂಬುವರ ಬಾಳಿಗಿಂತ ಒಳ್ಳೆಯ ಪಾಠ ಸಿಕ್ಕುವುದು ಕಷ್ಟ.

ಲುಂಡ್‌ಸ್ಟ್ರೆಮ್ ಹುಟ್ಟಿದ್ದು 1916ರ ಏಪ್ರಿಲ್ 2ರಂದು, ಸೈಬೀರಿಯದ ಚಿತಾ ಎಂಬ ಊರಿನಲ್ಲಿ. 1921ರಲ್ಲಿ ಅವರ ಮನೆಯವರು ಚೀನಾದ ಈಶಾನ್ಯ ಭಾಗದ ಹಾರ್ಬಿನ್ ನಗರಕ್ಕೆ ಬಂದು ನೆಲೆಸಿದರು. ಹಾರ್ಬಿನ್ ರೈಲಿನಿಂದ ಹುಟ್ಟಿದ ಊರು. ಝಾರನ ಕಾಲದಲ್ಲಿ, 1898ರಿಂದ, ರಷ್ಯದವರು ಚೀನಾದ ನೆಲದ ಮೇಲೆ ತಮ್ಮ ಪೂರ್ವ ರೈಲುಮಾರ್ಗವನ್ನು ಹಾಕುತ್ತ ಆ ಊರನ್ನು ಕಟ್ಟಿದರು. 1917ರ ಕ್ರಾಂತಿಯ ನಂತರ ಸೋವಿಯೆಟ್ ರೈಲ್ವೆ ನೌಕರರು ಒಂದು ಕಡೆ, ಕ್ರಾಂತಿಗೆ ಬೆದರಿ ಓಡಿಬಂದವರು ಇನ್ನೊಂದು ಕಡೆ, ನಡುವೆ ಚೀನೀ ಜನ, ಹೀಗೆ ಊರು ತುಂಬಿ ಹೋಗಿತ್ತು. 1932ರಲ್ಲಿ ಅದು ಜಪಾನೀಯರ ಕೈವಶವಾಯಿತು. ಇಂಥ ಊರಿನಲ್ಲಿ ಲುಂಡ್‌ಸ್ಟ್ರೆಮ್ ಬೆಳೆದರು, ಪಿಟೀಲು ಕಲಿತರು.

ಒಂದು ದಿನ ಅವರು ಅಂಗಡಿಯಿಂದ ಒಂದು ಗ್ರಾಮಫೋನ್ ತಟ್ಟೆಯನ್ನು ಕೊಂಡು ತಂದರು. ಸ್ನೇಹಿತರ ಕೂಟದಲ್ಲಿ ಕುಣಿಯುವುದಕ್ಕೆ ಒಂದು ಹಾಡು ಬೇಕಿತ್ತು, ಅಷ್ಟೆ. ತಟ್ಟೆಯಲ್ಲಿದ್ದುದು ಅಮೆರಿಕದ ನೀಗ್ರೋ ಸಂಗೀತಗಾರ ಡ್ಯೂಕ್ ಎಲಿಂಗ್ಟನ್‌ರ ವಾದ್ಯಮೇಳ. ಅದನ್ನು ಕೇಳಿದ ಹುಡುಗನಿಗೆ ಕುಣಿತ ಮರೆತು ಹೋಯಿತು. ಇಷ್ಟೊಂದು ವಾದ್ಯಗಳು ಹೀಗೆ ಒಂದೇ ಉಸಿರಿನಲ್ಲಿ ಹೇಗೆ ಮಾತಾಡುತ್ತವೆ ಎಂಬುದೇ ಅವರಿಗೆ ಹಿಡಿದ ಹುಚ್ಚಾಯಿತು. ತಟ್ಟೆಯನ್ನು ಮತ್ತೆ ಮತ್ತೆ ಹಾಕಿ, ಕಿವಿಯಿಂದ ಒಂದೊಂದು ವಾದ್ಯದ ಪಾಲನ್ನೂ ಬಿಡಿಸಿ ಬರೆದುಕೊಂಡರು. 1934ರಲ್ಲಿ ಒಂಬತ್ತು ಮಂದಿ ತರುಣರು ಸೇರಿ ಒಂದು ಮೇಳ ಕಟ್ಟಿದರು. ಒಲೆಗ್‌ರ ತಮ್ಮ ಈಗೊರ್ ಅದರಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದರು. ಮೇಳಕ್ಕೆ ಮುಖಂಡನು ಬೇಕಾದಾಗ ಅವರೆಲ್ಲ ಕುಳಿತು ಒಲೆಗ್‌ರನ್ನು ಆರಿಸಿಕೊಂಡರು. ವಾಚಕರು ಇದನ್ನು ನೆನಪಿನಲ್ಲಿಡಬೇಕು. ಯಾವ ಒಡೆಯನೂ ಆ ಮುಖಂಡನನ್ನು ನೇಮಿಸಲಿಲ್ಲ, ಯಾವ ಇಲಾಖೆಯೂ ಹುಕುಂ ಹೊರಡಿಸಲಿಲ್ಲ. ದುಡಿಯುವವರೇ ತಮ್ಮಲ್ಲಿ ಒಬ್ಬನನ್ನು ಆರಿಸಿದರು.

ಜಾಝ್ ಎಂದರೇನು ಎಂದು ಕೇಳುವವರಿಗೆ ಎರಡು ಮಾತು. ಇಂಥ ದೊಡ್ಡ ಮೇಳದಲ್ಲಿ ಟ್ರಂಪೆಟ್, ಟ್ರಾಂಬೋನ್‌ಗಳ ಒಂದು ಗುಂಪು, ಸ್ಯಾಕ್ಸೊಫೋನುಗಳ ಒಂದು ಗುಂಪು, ಪಿಯಾನೊ, ದೊಡ್ಡ ತಂತಿವಾದ್ಯ, ಡ್ರಮ್ಮುಗಳ ಇನ್ನೊಂದು ಗುಂಪು ಇರುತ್ತವೆ. ಬಹುಪಾಲು ಬರೆದಿಟ್ಟ ಸಂಗೀತ. ಗುಂಪಿನ ಶಿಸ್ತು ತಪ್ಪಿದರೆ ಎಲ್ಲವೂ ಗದ್ದಲ. ಆದರೆ ನಡುನಡುವೆ ಒಬ್ಬೊಬ್ಬನು ಎದ್ದು ನಿಂತು ಬರೆಯದೆ ಇದ್ದುದನ್ನು ಆ ಕ್ಷಣದಲ್ಲಿ ತಾನೇ ಹುಟ್ಟಿಸಿ ನುಡಿಸುತ್ತಾನೆ. ನಮ್ಮ ಸಂಗೀತ ಬಲ್ಲವರು ಮನೋಧರ್ಮ ಎನ್ನುವುದೂ ಇದಕ್ಕೆ ಹತ್ತಿರದ ಮಾತೇ. ಅವನು ನುಡಿಸುವಾಗ ಉಳಿದವರು ಅವನಿಗೆ ಆಸರೆಯಾಗಿ ನಿಲ್ಲುತ್ತಾರೆ. ಅವನು ಮುಗಿಸಿ ಕುಳಿತರೆ ಮತ್ತೆ ಗುಂಪಿನಲ್ಲಿ ಒಬ್ಬ. ಗುಂಪು ಒಬ್ಬನನ್ನು ನುಂಗುವುದಿಲ್ಲ, ಒಬ್ಬನು ಗುಂಪನ್ನು ಆಳುವುದಿಲ್ಲ. ಸಮಾಜವಾದಿಗಳಾದ ನಾವು ಬಯಸುವ ಸಮಾಜವೂ ಇದೇ ತರಹದ್ದಲ್ಲವೆ?

1935ರಲ್ಲಿ ಸೋವಿಯೆಟ್ ಸರ್ಕಾರವು ಆ ರೈಲುಮಾರ್ಗದಲ್ಲಿ ತನ್ನ ಪಾಲನ್ನು ಜಪಾನಿನ ಕೈಗೊಂಬೆಯಾಗಿದ್ದ ಮಂಚುಕುವೊ ಸರ್ಕಾರಕ್ಕೆ ಮಾರಿಬಿಟ್ಟಿತು. ಸಾವಿರಾರು ರೈಲ್ವೆ ನೌಕರರು ಹೆಂಡಿರು ಮಕ್ಕಳೊಂದಿಗೆ ಸೋವಿಯೆಟ್ ನಾಡಿಗೆ ಹಿಂದಿರುಗಿದರು. ತಮ್ಮ ದೇಶಕ್ಕೆ, ಕಾರ್ಮಿಕರ ದೇಶಕ್ಕೆ ಬಂದೆವೆಂದು ನಂಬಿದ್ದ ಈ ಜನಕ್ಕೆ ಏನಾಯಿತು? 1937ರ ಸೆಪ್ಟೆಂಬರ್ 20ರಂದು ಗುಪ್ತ ಪೊಲೀಸಿನ ಮುಖ್ಯಸ್ಥ ಯೆಝೊವ್ ಒಂದು ಆಜ್ಞೆ ಹೊರಡಿಸಿದ. ಹಾರ್ಬಿನ್ನಿನಿಂದ ಬಂದವರು ಜಪಾನಿನ ಬೇಹುಗಾರರೆಂದು ಶಂಕಿಸಿ ಹಿಡಿಯಲಾಯಿತು. 30 ಸಾವಿರಕ್ಕಿಂತ ಹೆಚ್ಚು ಜನ ಗುಂಡಿಗೆ ಬಲಿಯಾದರು. ಅವರು ಝಾರನ ಜನರಲ್ಲ, ಜಮೀನ್ದಾರರಲ್ಲ; ಹೆಚ್ಚಿನವರು ಎಂಜಿನ್ ನಡೆಸಿದವರು, ಹಳಿ ಹಾಕಿದವರು, ಲೆಕ್ಕ ಬರೆದವರು ಮತ್ತು ಅವರ ಮನೆಮಂದಿ. ಕಾರ್ಮಿಕರ ಹೆಸರಿನಲ್ಲಿ ನಡೆದ ಈ ಕೊಲೆಯನ್ನು ಮುಚ್ಚಿಡುವವನು ಕಾರ್ಮಿಕನ ಮಿತ್ರನಲ್ಲ.

ಲುಂಡ್‌ಸ್ಟ್ರೆಮ್ ಮತ್ತು ಸಂಗಡಿಗರು ಆಗ ಹಿಂದಿರುಗಲಿಲ್ಲ. 1936ರಲ್ಲಿ ಮೇಳವು ಶಾಂಘೈಗೆ ಹೋಯಿತು. ಅಲ್ಲಿ ಬಿಳಿಯ ವ್ಯಾಪಾರಿಗಳ ಪ್ರತ್ಯೇಕ ಬಡಾವಣೆಗಳು, ಬ್ಯಾಂಕುಗಳು, ನೃತ್ಯಮಂದಿರಗಳು ಇದ್ದವು. ಪಕ್ಕದಲ್ಲೇ ಹಸಿದು ಬೀದಿಯಲ್ಲಿ ಸಾಯುವ ಚೀನೀ ಕೂಲಿಗಳಿದ್ದರು. ಮೇಳವು ಬೆಳೆದು, ಪ್ಯಾರಮೌಂಟ್ ಎಂಬ ಹೆಸರಾಂತ ನೃತ್ಯಮಂದಿರದಲ್ಲಿ ನುಡಿಸುವಷ್ಟು ಖ್ಯಾತವಾಯಿತು. ಆದರೆ ನೃತ್ಯಮಂದಿರದ ಒಡೆಯನಿಗೆ ಬೇಕಾದದ್ದು ಗಿರಾಕಿ ಕುಣಿಯುವ ಸಂಗೀತ. ವಾದಕನ ಕಲೆ ಅವನಿಗೆ ಬಾಡಿಗೆಯ ಸಾಮಾನು. ಈ ನಡುವೆ ಲುಂಡ್‌ಸ್ಟ್ರೆಮ್ ತಾವೇ ಸಂಗೀತ ರಚಿಸತೊಡಗಿದರು. ಹಗಲಿನಲ್ಲಿ ಫ್ರೆಂಚರ ತಾಂತ್ರಿಕ ಶಾಲೆಯಲ್ಲಿ ಓದಿ 1944ರಲ್ಲಿ ವಾಸ್ತುಶಿಲ್ಪಿಯ ಅರ್ಹತೆಯನ್ನೂ ಪಡೆದರು. 1941ರಲ್ಲಿ ಹಿಟ್ಲರನು ರಷ್ಯದ ಮೇಲೆ ಬಿದ್ದಾಗ, ತಮ್ಮನ್ನು ಯುದ್ಧರಂಗಕ್ಕೆ ಕಳಿಸಿರೆಂದು ಮೇಳದವರು ಸೋವಿಯೆಟ್ ದೂತಾವಾಸಕ್ಕೆ ಅರ್ಜಿ ಹಾಕಿದರು. ಇವರು ನಾಡಿನ ಮೇಲೆ ಪ್ರೀತಿಯಿಲ್ಲದವರು ಎಂದು ಯಾರೂ ಹೇಳುವಂತಿರಲಿಲ್ಲ.

1947ರಲ್ಲಿ ಇಡೀ ಮೇಳವು ಸಂಸಾರಗಳ ಸಮೇತ ಸೋವಿಯೆಟ್ ನಾಡಿಗೆ ಬಂದಿತು. ಯಾರೂ ಒತ್ತಾಯ ಮಾಡಿರಲಿಲ್ಲ. ಶಾಂಘೈಯಲ್ಲಿ ಹೆಸರಿತ್ತು, ಸಂಪಾದನೆಯಿತ್ತು. ಅವನ್ನು ಬಿಟ್ಟು ವೋಲ್ಗಾ ತೀರದ ಕಜಾನ್ ನಗರಕ್ಕೆ, ತಾತಾರ ಗಣರಾಜ್ಯದ ರಾಜಧಾನಿಗೆ ಬಂದು ಇಳಿದರು. ಅಲ್ಲಿ ಸರ್ಕಾರದ ಜಾಝ್ ಮೇಳವಾಗಿ ನಿಲ್ಲುವ ಆಸೆ ಅವರದಾಗಿತ್ತು. ಕೆಲವೇ ತಿಂಗಳು ಕಳೆದಿರಬೇಕು, ಸಿಡಿಲು ಬಡಿಯಿತು. 1948ರ ಫೆಬ್ರವರಿ 10ರಂದು ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿಯು ಮುರಾದೆಲಿ ಎಂಬುವನ ಒಂದು ಸಂಗೀತನಾಟಕವನ್ನು ನೆಪವಾಗಿಟ್ಟುಕೊಂಡು ಸಂಗೀತದ ಮೇಲೆ ನಿರ್ಣಯ ಮಾಡಿತು. ಶೋಸ್ತಕೋವಿಚ್, ಪ್ರೊಕೋಫಿಯೆವ್‌ರಂಥ ಮಹಾ ರಚನಕಾರರನ್ನೇ ಜನವಿರೋಧಿಗಳೆಂದು ಹಳಿದ ಮೇಲೆ ಜಾಝ್ ನುಡಿಸುವವರ ಗತಿಯೇನು? ಸ್ಯಾಕ್ಸೊಫೋನ್ ಎಂಬ ವಾದ್ಯವೇ ಸಂಶಯಕ್ಕೆ ಗುರಿಯಾಯಿತು. ಮೇಳವನ್ನು ನಿಲ್ಲಿಸಿಬಿಟ್ಟರು. ಹದಿಮೂರು ವರ್ಷ ಒಟ್ಟಿಗೆ ನುಡಿಸಿದವರು ಚದುರಿದರು. ಒಬ್ಬರು ಸಂಗೀತನಾಟಕದ ಮಂದಿರಕ್ಕೆ, ಒಬ್ಬರು ಸಿನಿಮಾ ಮಂದಿರಕ್ಕೆ. ಲುಂಡ್‌ಸ್ಟ್ರೆಮ್ ಮತ್ತೆ ಪಿಟೀಲು ಹಿಡಿದು ವಾದ್ಯವೃಂದದಲ್ಲಿ ಒಬ್ಬರಾಗಿ ಕುಳಿತರು.

ಜಾಝಿನ ಮೇಲಿದ್ದ ಆರೋಪವೇನು? ಅದು ಬಂಡವಾಳಶಾಹಿಯ ಸಂಗೀತ, ಕೊಬ್ಬಿದವರ ಸಂಗೀತ ಎಂಬುದು. ಹಾಗೆಂದು 1928ರಲ್ಲಿ 'ಪ್ರಾವ್ದಾ' ಪತ್ರಿಕೆಯಲ್ಲಿ ಬರೆದವರು ಸಾಮಾನ್ಯರಲ್ಲ, ಮಾಕ್ಸಿಮ್ ಗೋರ್ಕಿ. ಬಡವರ ಬಾಳನ್ನು ಅವರಂತೆ ಕಂಡು ಬರೆದವರು ವಿರಳ; ಅವರ 'ತಾಯಿ'ಯನ್ನು ಓದಿ ಕಣ್ಣು ತೆರೆದವರು ನಮ್ಮಲ್ಲೂ ಅನೇಕರಿದ್ದಾರೆ. ಆದರೂ ಈ ವಿಷಯದಲ್ಲಿ ಅವರು ಹೇಳಿದ್ದು ತಪ್ಪು ಎನ್ನಲು ಅಂಜಬೇಕಾಗಿಲ್ಲ. ಜಾಝನ್ನು ಹುಟ್ಟಿಸಿದವರು ಯಾರು? ಅಮೆರಿಕದ ದಕ್ಷಿಣದಲ್ಲಿ, ನ್ಯೂ ಆರ್ಲಿಯನ್ಸ್ ನಗರದಲ್ಲಿ, ಗುಲಾಮರಾಗಿ ಮಾರಾಟವಾದವರ ಮಕ್ಕಳು, ಮೊಮ್ಮಕ್ಕಳು. ಹತ್ತಿಯ ಹೊಲದಲ್ಲಿ ಬೆನ್ನು ಬಾಗಿಸಿ ದುಡಿದವರ ಹಾಡು, ಅವರ ಪ್ರಾರ್ಥನೆ, ಅವರ ಶವಯಾತ್ರೆಯ ಬ್ಯಾಂಡು, ಇವೆಲ್ಲ ಅದರ ಬೇರು. ಹೋಟೆಲಿನ ಸಾಹುಕಾರರು ಅದನ್ನು ಕೊಂಡುಕೊಂಡರು ನಿಜ. ನಮ್ಮ ಗಿರಣಿಯ ಬಟ್ಟೆಯನ್ನೂ ಸಾಹುಕಾರರು ಕೊಳ್ಳುತ್ತಾರೆ, ಅದರಿಂದ ಅದು ಕಾರ್ಮಿಕನ ಕೈಕೆಲಸವಲ್ಲವೆಂದು ಹೇಳಲಾದೀತೆ? ಕೊಳ್ಳುವವನನ್ನು ನೋಡಿ ಮಾಡಿದವನ ಕುಲವನ್ನು ನಿರ್ಣಯಿಸುವುದು ಯಾವ ನ್ಯಾಯ?

ಇನ್ನೊಂದು ಮಾತು. ಇದು ತತ್ತ್ವದ ಪ್ರಶ್ನೆಯೇ ಆಗಿದ್ದರೆ ಒಂದೇ ನಿಲುವು ಇರಬೇಕಾಗಿತ್ತು. ಇತ್ತೆ? ಮಾಸ್ಕೋದಲ್ಲಿ ಮೊಟ್ಟಮೊದಲ ಜಾಝ್ ಕಛೇರಿ ನಡೆದದ್ದು 1922ರ ಅಕ್ಟೋಬರ್ 1ರಂದು, ವಲೆಂತಿನ್ ಪರ್ನಾಖ್ ಎಂಬ ಕವಿಯ ಮುಂದಾಳುತನದಲ್ಲಿ. ಕ್ರಾಂತಿಗೆ ಆಗ ಐದು ವರ್ಷ. 1934ರಲ್ಲಿ ಉತ್ಯೊಸೊವ್‌ರ ಜಾಝ್ ಮೇಳವನ್ನಿಟ್ಟುಕೊಂಡು ತೆಗೆದ ಸಿನಿಮಾ ಸೋವಿಯೆಟ್ ನಾಡನ್ನೆಲ್ಲ ನಗಿಸಿತು. 1938ರಲ್ಲಿ ಸರ್ಕಾರವೇ ರಾಜ್ಯ ಜಾಝ್ ಮೇಳವೊಂದನ್ನು ಕಟ್ಟಿತು. ಯುದ್ಧದಲ್ಲಿ ಜಾಝ್ ಮೇಳಗಳು ಸೈನಿಕರ ಮುಂದೆ ನುಡಿಸಿದವು. ಯುದ್ಧ ಮುಗಿದು ಅಮೆರಿಕದೊಂದಿಗೆ ವೈರ ಬೆಳೆದ ಕೂಡಲೇ ಅದೇ ಸಂಗೀತ ವಿಷವಾಯಿತು. ಎಡಿ ರೋಸ್ನರ್ ಎಂಬ ಹೆಸರಾಂತ ಟ್ರಂಪೆಟ್ ವಾದಕ ನಾಜಿಗಳಿಂದ ತಪ್ಪಿಸಿಕೊಂಡು ಬಂದು ಬೆಲೊರಷ್ಯದ ಮೇಳವನ್ನು ನಡೆಸಿದವರು. 1946ರಲ್ಲಿ ಅವರನ್ನು ಹಿಡಿದು ಕೊಲಿಮಾದ ಶಿಬಿರಗಳಿಗೆ ಅಟ್ಟಿದರು, ಬಿಟ್ಟದ್ದು 1954ರಲ್ಲಿ. ಸಂಗೀತ ಬದಲಾಗಿರಲಿಲ್ಲ, ಕೇಳುವ ಜನರೂ ಬದಲಾಗಿರಲಿಲ್ಲ. ಮೇಲೆ ಕುಳಿತವರ ರಾಜಕೀಯ ಬದಲಾಗಿತ್ತು, ಅಷ್ಟೆ.

ಇದನ್ನೆಲ್ಲ ಓದಿ ಅಮೆರಿಕದ ಭಕ್ತರು ಹಿಗ್ಗುವುದು ಬೇಡ. ಸ್ವಾತಂತ್ರ್ಯದ ನಾಡೆಂದು ಹಾಡಿಹೊಗಳಿಸಿಕೊಂಡ ಅಮೆರಿಕದಲ್ಲಿ ಅದೇ ಜಾಝನ್ನು ಹುಟ್ಟಿಸಿದವರ ಪಾಡೇನಾಗಿತ್ತು? 1930ರ ದಶಕದಲ್ಲಿ ಎಲಿಂಗ್ಟನ್‌ರ ಮೇಳವು ದಕ್ಷಿಣದ ರಾಜ್ಯಗಳಿಗೆ ಹೋದಾಗ ಕರಿಯರಿಗೆ ಹೋಟೆಲುಗಳಲ್ಲಿ ಜಾಗ ಕೊಡುತ್ತಿರಲಿಲ್ಲವಾಗಿ ಅವರು ರೈಲಿನ ಡಬ್ಬಿಗಳನ್ನೇ ಬಾಡಿಗೆಗೆ ಹಿಡಿದು ಅದರಲ್ಲೇ ಮಲಗಿ ತಿರುಗಬೇಕಾಯಿತು. ವಾದ್ಯ ಬೇಕು, ವಾದಕ ಬೇಡ! 1957ರಲ್ಲಿ ಲಿಟಲ್ ರಾಕ್ ಎಂಬ ಊರಿನ ಶಾಲೆಗೆ ಕರಿಯ ಮಕ್ಕಳು ಕಾಲಿಡದಂತೆ ಸಿಪಾಯಿಗಳನ್ನು ನಿಲ್ಲಿಸಿದಾಗ, ಲೂಯಿ ಆರ್ಮ್‌ಸ್ಟ್ರಾಂಗ್ ತಮ್ಮ ಸರ್ಕಾರದ ಪರವಾಗಿ ಸೋವಿಯೆಟ್ ನಾಡಿಗೆ ಹೋಗುವ ಯೋಜನೆಯನ್ನೇ ಕೈಬಿಟ್ಟರು. ಒಂದು ಸರ್ಕಾರ ಈ ಸಂಗೀತವನ್ನು ಶತ್ರುವಿನ ಆಯುಧವೆಂದು ತುಳಿಯಿತು, ಇನ್ನೊಂದು ಸರ್ಕಾರ ಅದನ್ನೇ ತನ್ನ ಆಯುಧವಾಗಿ ಬೀಸಿತು. ಎರಡರ ನಡುವೆ ಸಿಕ್ಕಿದವನು ನುಡಿಸುವ ಬಡಪಾಯಿ.

ಈಗ ಕಜಾನಿಗೆ ಹಿಂದಿರುಗೋಣ. ನನ್ನ ದೃಷ್ಟಿಯಲ್ಲಿ ಲುಂಡ್‌ಸ್ಟ್ರೆಮರ ಬಾಳಿನ ಅತಿ ದೊಡ್ಡ ಅಧ್ಯಾಯ ಶಾಂಘೈಯ ಖ್ಯಾತಿಯೂ ಅಲ್ಲ, ಮಾಸ್ಕೋದ ಬಿರುದುಗಳೂ ಅಲ್ಲ. ಕಜಾನಿನ ಈ ಮೌನದ ಎಂಟು ವರ್ಷ. ಮೇಳವಿಲ್ಲ, ವೇದಿಕೆಯಿಲ್ಲ. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೊಟ್ಟೆಪಾಡಿಗೆ ಹೋಗಿಬಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಒಂದೇ ಊರಿನಲ್ಲಿ ಉಳಿದರು, ಸಿಕ್ಕಿದ ಕೆಲಸ ಮಾಡಿದರು, ಒಬ್ಬರ ಸಂಬಂಧ ಒಬ್ಬರು ಬಿಡಲಿಲ್ಲ. ಲುಂಡ್‌ಸ್ಟ್ರೆಮ್ ಮೂವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಕಜಾನಿನ ಸಂಗೀತ ಮಹಾಶಾಲೆಯನ್ನು ಸೇರಿ 1953ರಲ್ಲಿ ರಚನೆಯ ವಿಭಾಗದಲ್ಲಿ ತೇರ್ಗಡೆಯಾದರು. ಹಿಂದೆ ಗ್ರಾಮಫೋನ್ ತಟ್ಟೆಯಿಂದ ಕದ್ದು ಕಲಿತದ್ದಕ್ಕೆ ಈಗ ಶಾಸ್ತ್ರದ ಅಡಿಪಾಯ ಸೇರಿತು. ತಾತಾರ ಜನರ ಹಾಡುಗಳನ್ನು ತಮ್ಮ ವಾದ್ಯಗಳಿಗೆ ಹೊಂದಿಸಿ ನುಡಿಸಿದರು. ಜಾಝ್ ಎಂಬ ಹೆಸರಿಗೆ ಬಾಗಿಲು ಮುಚ್ಚಿತ್ತು. ಆದರೆ ಊರಿನ ಜನರ ರಾಗಕ್ಕೆ ಯಾವ ಅಧಿಕಾರಿಯೂ ಬಾಗಿಲು ಮುಚ್ಚಲಾರ. ಕಿಟಕಿಯಿಂದ ಬಂದ ಆ ಬೆಳಕಿನಲ್ಲೇ ಅವರು ಕೈಗಳನ್ನು ಪಳಗಿಸಿಟ್ಟುಕೊಂಡರು.

1953ರಲ್ಲಿ ಸ್ಟಾಲಿನ್ ತೀರಿಕೊಂಡ. 1956ರಲ್ಲಿ ಅವನ ಅಪರಾಧಗಳ ಮಾತು ಪಕ್ಷದ ಮಹಾಸಭೆಯಲ್ಲೇ ಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಲುಂಡ್‌ಸ್ಟ್ರೆಮರ ಮೇಳವನ್ನು ಮಾಸ್ಕೋಗೆ ಕರೆಸಿ ಸರ್ಕಾರಿ ಕಛೇರಿ ಮೇಳವಾಗಿ ಎತ್ತಿ ನಿಲ್ಲಿಸಲಾಯಿತು. ಕಜಾನಿನಿಂದ ಹೋದ ಹಳಬರು ಅದರ ಬೆನ್ನೆಲುಬಾದರು. ಗರನ್ಯಾನ್‌ರಂಥ ಹೊಸ ಪೀಳಿಗೆಯ ಸ್ಯಾಕ್ಸೊಫೋನ್ ವಾದಕರು 1958ರಲ್ಲಿ ಬಂದು ಸೇರಿದರು. ಮುಂದೆ ದೇಶದ ಜಾಝಿನಲ್ಲಿ ಹೆಸರು ಮಾಡಿದ ಅನೇಕರಿಗೆ ಆ ಮೇಳವೇ ಗರಡಿಮನೆಯಾಯಿತು. ಸಂಗೀತ ಕುಣಿತದ ಮಂದಿರವನ್ನು ಬಿಟ್ಟು ಕಛೇರಿಯ ವೇದಿಕೆಗೆ ಏರಿತು. ಜನ ಕುಳಿತು ಕೇಳಿದರು. ಲುಂಡ್‌ಸ್ಟ್ರೆಮ್ ತಮ್ಮ 'ಮರೀಚಿಕೆ', 'ಬುಖಾರಾದ ಚಿತ್ತಾರ', 'ಜಾರ್ಜಿಯದ ಬೆಟ್ಟಗಳಲ್ಲಿ' ಮುಂತಾದ ರಚನೆಗಳಲ್ಲಿ ಮಧ್ಯ ಏಷ್ಯದ, ಕಾಕಸಸ್ಸಿನ ಬಣ್ಣಗಳನ್ನು ಜಾಝಿನ ಚೌಕಟ್ಟಿಗೆ ತಂದರು. ಅನುಕರಣೆಯಿಂದ ಶುರುವಾದದ್ದು ಸ್ವಂತ ಮಾತಾಯಿತು.

ಇಲ್ಲಿ ಒಂದು ನ್ಯಾಯವನ್ನು ಹೇಳಿಬಿಡಬೇಕು. ತಿಂಗಳ ಸಂಬಳ, ಊರೂರಿಗೆ ಪ್ರವಾಸ, ನೂರಾರು ಊರುಗಳಲ್ಲಿ ಸಾಮಾನ್ಯ ಜನ ಕೇಳುವಂಥ ಕಛೇರಿಗಳು, ಇವನ್ನು ಒದಗಿಸಿದ್ದು ಸೋವಿಯೆಟ್ ವ್ಯವಸ್ಥೆಯೇ. ದೊಡ್ಡ ಮೇಳವನ್ನು ಸಾಕುವುದು ದುಬಾರಿಯ ಕೆಲಸ. ಯುದ್ಧದ ನಂತರ ಅಮೆರಿಕದಲ್ಲಿ ಇಂಥ ದೊಡ್ಡ ಮೇಳಗಳು ಲಾಭ ಹುಟ್ಟದೆ ಒಂದೊಂದಾಗಿ ಮುಚ್ಚಿಹೋದವು. ಜನರ ಹಣದಿಂದ ಕಲೆಯನ್ನು ಸಾಕುವುದು ಸರಿ ಎಂಬುದಕ್ಕೆ ಲುಂಡ್‌ಸ್ಟ್ರೆಮರ ಮೇಳವೇ ಸಾಕ್ಷಿ. ತಪ್ಪಾದದ್ದು ಅನ್ನ ಹಾಕಿದ್ದರಲ್ಲಿ ಅಲ್ಲ. ಅನ್ನ ಹಾಕಿದವನು ಬಾಯಿಯೂ ನನ್ನದೇ ಎಂದದ್ದರಲ್ಲಿ. 1962ರ ಮೇ ತಿಂಗಳಲ್ಲಿ ಅಮೆರಿಕದ ಬೆನ್ನಿ ಗುಡ್‌ಮನ್ ಮಾಸ್ಕೋಗೆ ಬಂದಾಗ ಕ್ರುಶ್ಚೆವ್ ಮೊದಲ ದಿನದ ಕಛೇರಿಗೆ ಹೋಗಿ ಮಧ್ಯದಲ್ಲೇ ಎದ್ದು ಬಂದ. ಅವನಿಗೆ ಜಾಝ್ ಹಿಡಿಸಲಿಲ್ಲ. ಇರಲಿ, ಹಿಡಿಸದಿದ್ದರೆ ಎದ್ದು ಹೋಗಲು ಯಾವ ಕೇಳುಗನಿಗೂ ಹಕ್ಕಿದೆ. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಅವನು ಹೊಸ ಚಿತ್ರಕಾರರ ಮೇಲೂ ಜಾಝಿನ ಮೇಲೂ ಹರಿಹಾಯ್ದಾಗ ದೇಶದ ಕಲಾವಿದರೆಲ್ಲ ಮತ್ತೆ ನಡುಗಬೇಕಾಯಿತು. ಒಬ್ಬ ಮನುಷ್ಯನ ಕಿವಿಯ ರುಚಿ ದೇಶದ ಕಾನೂನಾಗಬಲ್ಲ ಕಡೆ ಕಲೆಗೂ ಉಳಿವಿಲ್ಲ, ಕಾರ್ಮಿಕನಿಗೂ ಉಳಿವಿಲ್ಲ. ಇಂದು ಸ್ಯಾಕ್ಸೊಫೋನ್ ಬೇಡ ಎನ್ನುವ ಅದೇ ಮೇಜು ನಾಳೆ ಮುಷ್ಕರ ಬೇಡ ಎನ್ನುತ್ತದೆ. ಸೋವಿಯೆಟ್ ನಾಡಿನಲ್ಲಿ ಆದದ್ದೂ ಅದೇ. 1962ರ ಜೂನ್ 2ರಂದು ನೊವೊಚೆರ್ಕಾಸ್ಕ್ ನಗರದಲ್ಲಿ, ಕೂಲಿ ಕಡಿತಕ್ಕೂ ಮಾಂಸ ಬೆಣ್ಣೆಯ ಬೆಲೆ ಏರಿಕೆಗೂ ವಿರುದ್ಧವಾಗಿ ಬೀದಿಗಿಳಿದ ರೈಲ್ವೆ ಎಂಜಿನ್ ಕಾರ್ಖಾನೆಯ ಕಾರ್ಮಿಕರ ಮೇಲೆ ಗುಂಡು ಹಾರಿತು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಗುಡ್‌ಮನ್ನರ ಮೊದಲ ಕಛೇರಿಗೆ ಆಗ ಮೂರು ದಿನವಾಗಿತ್ತು.

ಕಡೆಗೆ ಬಿರುದು ಬಾವಲಿ ಬಂದವಲ್ಲ, ಲೆಕ್ಕ ತೀರಿತಲ್ಲ ಎಂದು ಕೆಲವರು ವಾದಿಸಬಹುದು. 1984ರಲ್ಲಿ ಲುಂಡ್‌ಸ್ಟ್ರೆಮರಿಗೆ ಜನತಾ ಕಲಾವಿದ ಎಂಬ ಬಿರುದು ಬಂದಿತು ನಿಜ. ಆಗ ಅವರಿಗೆ 68 ವರ್ಷ. ಮೂವತ್ತೆರಡರಿಂದ ನಲವತ್ತರವರೆಗಿನ, ಕಸುವು ತುಂಬಿದ ಎಂಟು ವರ್ಷಗಳನ್ನು ಯಾವ ಪದಕ ಹಿಂದಕ್ಕೆ ಕೊಡಬಲ್ಲದು? ಕೆಲಸದಿಂದ ಅನ್ಯಾಯವಾಗಿ ತೆಗೆದ ಕಾರ್ಮಿಕನನ್ನು ಎಂಟು ವರ್ಷದ ಮೇಲೆ ಮತ್ತೆ ಸೇರಿಸಿಕೊಂಡು ಹಾರ ಹಾಕಿದರೆ ಹಿಂಬಾಕಿಯನ್ನು ಯಾರು ಕೊಡಬೇಕು?

ವಾದ್ಯಕ್ಕೆ ಜಾತಿಯಿಲ್ಲ ಎಂಬುದಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆಯಿದೆ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ನಾಗಸ್ವರದವರ ಮನೆಯಲ್ಲಿ ಹುಟ್ಟಿದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತು, ವರ್ಷಗಟ್ಟಲೆ ಸಾಧಿಸಿ, ಅದರಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿ 2019ರಲ್ಲಿ ತೀರಿಕೊಳ್ಳುವವರೆಗೂ ಲೋಕವನ್ನೇ ಗೆದ್ದರು. ಇದು ಬಿಳಿಯರ ವಾದ್ಯ, ಮುಟ್ಟಕೂಡದು ಎಂದು ಯಾವುದಾದರೂ ಸಮಿತಿ ಅವರಿಗೆ ಆಜ್ಞೆ ಮಾಡಿದ್ದರೆ ನಷ್ಟ ಯಾರದು?

1991ರಲ್ಲಿ ಸೋವಿಯೆಟ್ ಒಕ್ಕೂಟ ಮುರಿದು ಬಿದ್ದಿತು. ಜಾಝನ್ನು ಹಳಿದ ಕೇಂದ್ರ ಸಮಿತಿ ಇಲ್ಲವಾಯಿತು. ಶಾಂಘೈಯ ಆ ಹಳೆಯ ಒಡೆಯರು ಎಂದೋ ಕಾಣೆಯಾಗಿದ್ದರು. ಮೇಳ ಮಾತ್ರ ಉಳಿದಿತ್ತು. ಲೋಕದಲ್ಲಿ ಅತಿ ದೀರ್ಘಕಾಲ ನಡೆದುಬಂದ ಜಾಝ್ ಮೇಳವೆಂದು 1994ರಲ್ಲಿ ಗಿನ್ನೆಸ್ ದಾಖಲೆಯ ಪುಸ್ತಕ ಅದನ್ನು ಗುರುತಿಸಿತು. ಕಾಗದದ ಲೆಕ್ಕದಲ್ಲಿ ನೋಡಿದರೆ ನಡುವೆ ಎಂಟು ವರ್ಷ ಆ ಮೇಳ ಇರಲೇ ಇಲ್ಲ. ಆದರೂ ಪುಸ್ತಕ ಬರೆದದ್ದು ಸುಳ್ಳಲ್ಲ. ಫಲಕ ಇಳಿಸಿದರೂ ಜನ ಒಟ್ಟಿಗಿದ್ದರೆ ಸಂಘ ಇದ್ದಂತೆಯೇ. 2005ರ ಅಕ್ಟೋಬರ್ 14ರಂದು, 89ನೆಯ ವಯಸ್ಸಿನಲ್ಲಿ, ಲುಂಡ್‌ಸ್ಟ್ರೆಮ್ ತೀರಿಕೊಂಡರು. ಒಂಬತ್ತು ಜನ ಸೇರಿ ಅವರನ್ನು ಮುಖಂಡನಾಗಿ ಆರಿಸಿ ಆಗ 71 ವರ್ಷವಾಗಿತ್ತು. ಅವರ ಹೆಸರಿನ ಮೇಳ ಅವರ ನಂತರವೂ ನುಡಿಸುತ್ತ ಮುಂದುವರಿಯಿತು.

ಗಿರಣಿಯಲ್ಲಿ ಸಂಘ ಕಟ್ಟುವವರು, ಪೇಟೆಯಲ್ಲಿ ಸಹಕಾರ ಸಂಘ ನಡೆಸುವವರು ಈ ಬಾಳಿನಿಂದ ತೆಗೆದುಕೊಳ್ಳಬೇಕಾದದ್ದು ಇಷ್ಟು. ಮೇಲಿನಿಂದ ಬಂದ ಮನ್ನಣೆಯನ್ನು ಮೇಲಿನವರೇ ಹಿಂದಕ್ಕೆ ತೆಗೆದುಕೊಳ್ಳಬಲ್ಲರು. ತಮ್ಮಷ್ಟಕ್ಕೆ ಕೂಡಿದವರನ್ನು ಚದುರಿಸುವುದು ಅಷ್ಟು ಸುಲಭವಲ್ಲ. ಸಮಾಜವಾದ ಬಂದರೆ ಕಾರ್ಮಿಕನಿಗೆ ಅನ್ನ ಸಿಕ್ಕುತ್ತದೆ, ಹಾಡಿನ ಮಾತು ಆಮೇಲೆ ಎಂದು ಹೇಳುವವರನ್ನು ನಂಬಬೇಡಿ. ಹಾಡನ್ನು ಕಿತ್ತುಕೊಂಡ ಕೈ ಅನ್ನವನ್ನೂ ಅಳೆದೇ ಕೊಡುತ್ತದೆ. ಕಲೆಗೆ ಜನರ ಬೊಕ್ಕಸದಿಂದ ಹಣ ಬೇಕು ಎಂದು ನಾವು ಕೇಳೋಣ, ಗಟ್ಟಿಯಾಗಿಯೇ ಕೇಳೋಣ. ಅದರೊಂದಿಗೆ, ಏನು ನುಡಿಸಬೇಕೆಂಬುದನ್ನು ನುಡಿಸುವವರಿಗೂ ಕೇಳುವವರಿಗೂ ಬಿಡಿ ಎಂದೂ ಅಷ್ಟೇ ಗಟ್ಟಿಯಾಗಿ ಹೇಳೋಣ. ಹೇಳಬೇಕಾದದ್ದು ಸರ್ಕಾರಕ್ಕೆ ಮಾತ್ರವಲ್ಲ, ನಮ್ಮ ಪಕ್ಷಕ್ಕೂ, ನಮ್ಮ ಸಂಘದ ಪದಾಧಿಕಾರಿಗಳಿಗೂ.